ತಂತಿ ಬಾರದ ಹಳಿಯ ಮೇಲೆ ಕರೆಂಟಿನ ರೈಲು

ಏಳನೇ ತರಗತಿಯಲ್ಲಿ ವಿದ್ಯುತ್ತಿನ ಪಾಠ ನಡೆಯುತ್ತಿತ್ತು. ನಮ್ಮ ಶಾಲೆಗೆ ರೈಲು ಹಳಿ ದೂರವಿಲ್ಲ. ಪಡುವಣ ಗಾಳಿ ಬೀಸಿದರೆ ಗಾಡಿ ಹೋಗುವ ಸದ್ದು ತರಗತಿಯೊಳಗೇ ಕೇಳಿಸುತ್ತದೆ. ಅಂದು ನಾವು ಜಪಾನಿನ ಒಂದು ರೈಲಿನ ಚಿತ್ರ ತೋರಿಸಿ, "ನೋಡಿ ಮಕ್ಕಳೇ, ಇದರ ನೆತ್ತಿಯ ಮೇಲೆ ತಂತಿಯಿಲ್ಲ. ಹೊಟ್ಟೆಯ ಕೆಳಗೆ ಡೀಸೆಲ್ ಎಂಜಿನ್ ಇದೆ. ಆದರೂ ಅಲ್ಲಿನವರು ಇದಕ್ಕೆ ಕರೆಂಟಿನ ಗಾಡಿಗಳಿಗೆ ಕೊಡುವ ಗುರುತನ್ನೇ ಕೊಟ್ಟಿದ್ದಾರೆ" ಎಂದೆವು.

ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. "ಹಾಗಾದ್ರೆ ಅದು ಡೀಸೆಲ್ಲೋ ಕರೆಂಟೋ ಮಾಷ್ಟ್ರೇ?"

ನಾವು ಬಾಯಿ ತೆರೆಯುವ ಮೊದಲೇ ಹುಡುಗಿಯೊಬ್ಬಳು ಹೇಳಿದಳು. "ಹೈಬ್ರಿಡ್ ಅಂತ ಬರ್ದಿದೆಯಲ್ಲ, ನಮ್ಮ ತೋಟದ ತೆಂಗಿನ ಹಾಗೆ!"

ಕಾಸರಗೋಡಿನ ಮಕ್ಕಳಿಗೆ ಹೈಬ್ರಿಡ್ ಎಂದರೆ ಮೊದಲು ನೆನಪಾಗುವುದು ತೆಂಗು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಎತ್ತರದ ತಳಿಗೂ ಗಿಡ್ಡ ತಳಿಗೂ ಕೂಡಿಸಿ ಹೊಸ ತೆಂಗು ಪಡೆಯುವ ಕೆಲಸ 1930ರ ದಶಕದಲ್ಲೇ ನಮ್ಮ ಜಿಲ್ಲೆಯ ನೀಲೇಶ್ವರದಲ್ಲಿ ನಡೆದಿತ್ತು. ಆದರೆ ರೈಲಿನ ಹೈಬ್ರಿಡ್ ಕಥೆ ಬೇರೆ. ಅಂದು ಗಂಟೆ ಹೊಡೆದುಬಿಟ್ಟಿತು, ಮಕ್ಕಳಿಗೆ ಅರ್ಧ ಮಾತ್ರ ಹೇಳಲು ಆಯಿತು. ಉಳಿದದ್ದನ್ನು ಸೇರಿಸಿ ಇಲ್ಲಿ ಪೂರ್ತಿ ಬರೆಯುತ್ತಿದ್ದೇವೆ.

ಮೊದಲು ಡೀಸೆಲ್ ಎಂಜಿನಿನ ಒಂದು ದೌರ್ಬಲ್ಯ ತಿಳಿದುಕೊಳ್ಳಬೇಕು. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ 1897ರಲ್ಲಿ ತಮ್ಮ ಎಂಜಿನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದರು. ಉಗಿ ಎಂಜಿನಿಗಿಂತ ತುಂಬ ಕಡಿಮೆ ಇಂಧನದಲ್ಲಿ ಹೆಚ್ಚು ಕೆಲಸ ಮಾಡುವ ಎಂಜಿನ್ ಅದು. ಆದರೆ ಉಗಿ ಎಂಜಿನಿಗೆ ಇದ್ದ ಒಂದು ಗುಣ ಇದಕ್ಕಿರಲಿಲ್ಲ. ಉಗಿ ಎಂಜಿನ್ ನಿಂತಲ್ಲಿಂದಲೇ ಪೂರ್ತಿ ಬಲ ಹಾಕಿ ಎಳೆಯಬಲ್ಲದು. ಡೀಸೆಲ್ ಎಂಜಿನ್ ಹಾಗಲ್ಲ. ಅದು ಮೊದಲು ತಾನು ತಿರುಗುತ್ತಿರಬೇಕು, ಆಮೇಲೆಯೇ ಬಲ ಕೊಡುವುದು. ತಿರುಗುವ ಮೊದಲೇ ಭಾರ ಹೊರಿಸಿದರೆ ಆರಿಹೋಗುತ್ತದೆ. ಜೀಪು ಓಡಿಸಲು ಕಲಿಯುವವರು ಕ್ಲಚ್ ಥಟ್ಟನೆ ಬಿಟ್ಟಾಗ ಏನಾಗುತ್ತದೆ ನೋಡಿ... ಅದೇ!

1912ರಲ್ಲಿ ಸ್ವಿಟ್ಜರ್ಲೆಂಡಿನ ಸುಲ್ಜರ್ ಕಂಪೆನಿಯವರು ಡೀಸೆಲ್ ಎಂಜಿನನ್ನು ನೇರವಾಗಿ ಚಕ್ರಕ್ಕೇ ಜೋಡಿಸಿದ ಒಂದು ರೈಲ್ವೆ ಎಂಜಿನ್ ಕಟ್ಟಿದರು. ಹೊರಡುವಾಗ ಒತ್ತಿ ತುಂಬಿಟ್ಟ ಗಾಳಿಯಿಂದ ಅದನ್ನು ದೂಡಬೇಕಾಗಿತ್ತು, ಸ್ವಲ್ಪ ವೇಗ ಬಂದ ಮೇಲೆಯೇ ಡೀಸೆಲ್ ಉರಿಸುವುದು. ಆ ಪ್ರಯೋಗ ಊರ್ಜಿತವಾಗಲಿಲ್ಲ. ಮರುವರ್ಷ, 1913ರ ಸೆಪ್ಟೆಂಬರಿನಲ್ಲಿ, ಆಂಟ್ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರುಡಾಲ್ಫ್ ಡೀಸೆಲ್ ಕಾಣೆಯಾದರು. ತನ್ನ ಎಂಜಿನ್ ರೈಲ್ವೆಯನ್ನು ಆಳುವುದನ್ನು ಅವರು ನೋಡಲೇ ಇಲ್ಲ.

ದಾರಿ ತೋರಿಸಿದ್ದು ಸ್ವೀಡನ್ನಿನವರು. ಅದೇ 1913ರಲ್ಲಿ ಅಲ್ಲಿನ ಒಂದು ಸಣ್ಣ ರೈಲು ಮಾರ್ಗದಲ್ಲಿ ಜಗತ್ತಿನ ಮೊದಲ ಡೀಸೆಲ್-ಎಲೆಕ್ಟ್ರಿಕ್ ಗಾಡಿ ಓಡಿತು. ಉಪಾಯ ಸರಳ. ಎಂಜಿನ್ ಚಕ್ರವನ್ನು ಮುಟ್ಟುವುದೇ ಬೇಡ. ಅದು ತನ್ನ ಪಾಡಿಗೆ ಒಂದು ಜನರೇಟರನ್ನು ತಿರುಗಿಸಲಿ. ಜನರೇಟರಿನಿಂದ ಬಂದ ಕರೆಂಟು ಮೋಟಾರಿಗೆ ಹೋಗಲಿ, ಮೋಟಾರು ಚಕ್ರವನ್ನು ತಿರುಗಿಸಲಿ. ವಿದ್ಯುತ್ ಮೋಟಾರಿಗೆ ನಿಂತಲ್ಲಿಂದಲೇ ಜೋರಾಗಿ ಎಳೆಯುವ ಶಕ್ತಿ ಇದೆ. ಡೀಸೆಲ್ಲಿಗೆ ಇಲ್ಲದ್ದು ಮೋಟಾರಿಗೆ ಇದೆ, ಮೋಟಾರಿಗೆ ಬೇಕಾದದ್ದನ್ನು ಡೀಸೆಲ್ ಕೊಡುತ್ತದೆ.

ನಮ್ಮಲ್ಲಿ "ಡೀಸೆಲ್ ಎಂಜಿನ್" ಎಂದು ಹೇಳುತ್ತಾ ಬಂದ ರೈಲ್ವೆ ಎಂಜಿನುಗಳೂ ಇದೇ ಬಗೆಯವು. 1962ರಲ್ಲಿ ಅಮೆರಿಕದಿಂದ ಬಂದು, 1964ರಿಂದ ವಾರಾಣಸಿಯಲ್ಲೇ ತಯಾರಾದ ಡಬ್ಲ್ಯುಡಿಎಂ-2 ಎಂಜಿನುಗಳ ಚಕ್ರ ತಿರುಗಿಸುತ್ತಿದ್ದುದು ಕರೆಂಟಿನ ಮೋಟಾರೇ. ಹೆಸರು ಮಾತ್ರ ಡೀಸೆಲ್ಲಿನದು.

ಈ ಉಪಾಯದಿಂದ ಎಕ್ಸ್‌ಪ್ರೆಸ್ ಗಾಡಿಯನ್ನೂ ಓಡಿಸಬಹುದು ಎಂದು ಜಗತ್ತಿಗೆ ತಿಳಿದದ್ದು 1933ರಲ್ಲಿ. ಆ ವರ್ಷ ಮೇ 15ರಿಂದ ಬರ್ಲಿನ್ ಮತ್ತು ಹ್ಯಾಂಬರ್ಗ್ ನಡುವೆ ಎರಡೇ ಬೋಗಿಯ ಒಂದು ಗಾಡಿ ಓಡತೊಡಗಿತು. ಜನ ಅದನ್ನು "ಹಾರುವ ಹ್ಯಾಂಬರ್ಗರ್" ಎಂದು ಕರೆದರು. ತಲಾ 410 ಅಶ್ವಶಕ್ತಿಯ ಎರಡು ಮೇಬಾಕ್ ಎಂಜಿನ್, ಗಂಟೆಗೆ 160 ಕಿಲೋಮೀಟರ್ ವೇಗ. ಸುಮಾರು 286 ಕಿ.ಮೀ. ದೂರವನ್ನು 138 ನಿಮಿಷಗಳಲ್ಲಿ ಮುಗಿಸುತ್ತಿತ್ತು!

ಮರುವರ್ಷ ಅಮೆರಿಕದ ಸರದಿ. 1934ರ ಮೇ 26ರಂದು ಬರ್ಲಿಂಗ್ಟನ್ ರೈಲ್ವೆಯ "ಜೆಫಿರ್" ಎಂಬ ಸ್ಟೇನ್‌ಲೆಸ್ ಸ್ಟೀಲಿನ ಗಾಡಿ ಮುಂಜಾನೆ ಡೆನ್ವರ್ ಬಿಟ್ಟು ಎಲ್ಲೂ ನಿಲ್ಲದೆ ಸಂಜೆಗೆ ಶಿಕಾಗೋ ಸೇರಿತು. 1,633 ಕಿ.ಮೀ. ದೂರ, 13 ಗಂಟೆ 5 ನಿಮಿಷ. ಪ್ರಯಾಣಿಕರ ಜೊತೆ ಒಂದು ಕತ್ತೆಮರಿಯೂ ಇತ್ತು ಎಂದರೆ ಮಕ್ಕಳಿಗೆ ಬಲು ಖುಷಿ. ದಾರಿಯಲ್ಲಿ ಎಂಜಿನ್ ಚಾಲೂ ಮಾಡುವ ಕೇಬಲ್ ಸುಟ್ಟುಹೋಗಿ ಎಂಜಿನ್ ನಿಂತುಬಿಟ್ಟಿತು. ಗಾಡಿ ಇಳಿಜಾರಿನಲ್ಲಿ ಸುಮ್ಮನೆ ಉರುಳುತ್ತಿತ್ತು. ಆಗ ಒಳಗಿದ್ದ ಒಬ್ಬ ಸಿಬ್ಬಂದಿ ಕೇಬಲ್ಲಿನ ಎರಡು ತುದಿಗಳನ್ನು ಬರಿಗೈಯಲ್ಲಿ ಹಿಡಿದು ಜೋಡಿಸಿದರು. ಕೈ ಸುಟ್ಟುಕೊಂಡಿತು, ಆದರೆ ಎಂಜಿನ್ ಹೊತ್ತಿತು. ದಾಖಲೆಯ ಸುದ್ದಿ ಪತ್ರಿಕೆಗಳ ತುಂಬ ಬಂತು. ನಮಗೆ ಮಾತ್ರ ಆ ಸುಟ್ಟ ಕೈಗಳೇ ಹೆಚ್ಚು ನೆನಪಿನಲ್ಲಿ ಉಳಿದಿವೆ.

ಹಾಗಾದರೆ ಹೈಬ್ರಿಡ್ ಎಂದರೆ ಇದೇ ತಾನೇ, ಡೀಸೆಲ್ ಮತ್ತು ಕರೆಂಟು? ಇಲ್ಲ, ಇನ್ನೊಂದು ಮೆಟ್ಟಿಲು ಬಾಕಿ ಇದೆ.

ಹಳೆಯ ಡೀಸೆಲ್-ಎಲೆಕ್ಟ್ರಿಕ್ ಗಾಡಿಗಳಲ್ಲಿ ಎಂಜಿನ್ ಹುಟ್ಟಿಸಿದ ಕರೆಂಟನ್ನು ಆ ಕ್ಷಣದಲ್ಲೇ ಖರ್ಚು ಮಾಡಬೇಕು. ಗಾಡಿ ನಡೆಸುವ ಕರೆಂಟನ್ನು ಕೂಡಿಡುವ ಜಾಗವಿಲ್ಲ. ಬ್ರೇಕು ಹಾಕಿದಾಗ ಗಾಡಿಯ ಓಟದಲ್ಲಿದ್ದ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಡೈನಮೋ ಇರುವ ಹಳೆಯ ಸೈಕಲ್ ತುಳಿದವರಿಗೆ ಗೊತ್ತು, ಡೈನಮೋವನ್ನು ಟಯರಿಗೆ ತಾಗಿಸಿದ ಕೂಡಲೇ ಪೆಡಲು ಭಾರವಾಗುತ್ತದೆ. ಆ ಭಾರವೇ ಬ್ರೇಕು, ಉರಿಯುವ ಬಲ್ಬೇ ಲಾಭ. ರೈಲಿನ ಮೋಟಾರನ್ನೂ ಬ್ರೇಕು ಹಾಕುವಾಗ ಹೀಗೆ ಡೈನಮೋ ಆಗಿಸಬಹುದು. ಆದರೆ ಬಂದ ಕರೆಂಟನ್ನು ತುಂಬಿಡಲು ಪಾತ್ರೆ ಬೇಕಲ್ಲ?

ನಮ್ಮ ಕಡೆಯ ಸುರಂಗಗಳನ್ನು ನೆನಪಿಸಿಕೊಳ್ಳಿ. ಗುಡ್ಡ ಕೊರೆದು ಮಾಡಿದ ಸುರಂಗದಿಂದ ನೀರು ಸಣ್ಣಗೆ ಹಗಲೂ ರಾತ್ರಿ ಬರುತ್ತದೆ. ಅದನ್ನು ಹಾಗೇ ತೋಟಕ್ಕೆ ಬಿಟ್ಟರೆ ಮೊದಲ ನಾಲ್ಕು ಅಡಿಕೆ ಮರದ ಬುಡದಲ್ಲೇ ಇಂಗಿಹೋಗುತ್ತದೆ. ಹಾಗಾಗಿ ಹಿರಿಯರು ಸುರಂಗದ ಬಾಯಿಗೆ ಒಂದು ಕೆರೆ ಕಟ್ಟಿ, ತುಂಬಿದ ಮೇಲೆ ಒಮ್ಮೆಗೇ ಬಿಡುತ್ತಿದ್ದರು. ಹೈಬ್ರಿಡ್ ರೈಲಿನಲ್ಲಿ ಬ್ಯಾಟರಿ ಮಾಡುವ ಕೆಲಸ ಇದೇ. ಎಂಜಿನಿನ ಹೆಚ್ಚುವರಿ ಕರೆಂಟು, ಬ್ರೇಕಿನಿಂದ ಬಂದ ಕರೆಂಟು ಎರಡೂ ಆ ಕೆರೆಗೆ ಬೀಳುತ್ತವೆ. ನಿಲ್ದಾಣದಿಂದ ಹೊರಡುವಾಗ, ಏರು ಹತ್ತುವಾಗ ತೂಬು ತೆರೆದ ಹಾಗೆ ಹರಿದುಬರುತ್ತವೆ.

ಇದು ಮೊದಲು ಪ್ರಯಾಣಿಕರನ್ನು ಹೊತ್ತು ಓಡಿದ್ದು ಜಪಾನಿನ ಒಂದು ಗುಡ್ಡಗಾಡು ಮಾರ್ಗದಲ್ಲಿ. ಪೂರ್ವ ಜಪಾನ್ ರೈಲ್ವೆಯವರು 2003ರಿಂದ ಪ್ರಯೋಗ ಮಾಡಿ, 2007ರ ಜುಲೈ 31ರಂದು ಕೊಉಮಿ ಮಾರ್ಗದಲ್ಲಿ "ಕಿಹಾ ಇ200" ಎಂಬ ಗಾಡಿಯನ್ನು ಬಿಟ್ಟರು. ಸಮುದ್ರಮಟ್ಟದಿಂದ 1,345 ಮೀಟರ್ ಎತ್ತರದ ನೊಬೆಯಾಮ ನಿಲ್ದಾಣ ಇರುವುದು ಇದೇ ಮಾರ್ಗದಲ್ಲಿ. ನಿಲ್ದಾಣದಿಂದ ಬ್ಯಾಟರಿಯ ಬಲದಲ್ಲಿ ಸದ್ದಿಲ್ಲದೆ ಹೊರಡುವುದು, ಸ್ವಲ್ಪ ವೇಗ ಬಂದ ಮೇಲೆ ಎಂಜಿನ್ ಹೊತ್ತಿಸುವುದು ಅದರ ಕ್ರಮ. ಪ್ರಯಾಣಿಕರ ಸೇವೆಗೆ ಬಂದ ಜಗತ್ತಿನ ಮೊದಲ ಡೀಸೆಲ್ ಹೈಬ್ರಿಡ್ ರೈಲು ಅದು. ಆದರೆ ಅದು ಊರೂರಿಗೆ ನಿಲ್ಲುವ ಲೋಕಲ್ ಗಾಡಿ. ಎಕ್ಸ್‌ಪ್ರೆಸ್ ಬರಲು ಇನ್ನೂ ಹದಿನೈದು ವರ್ಷ ಬೇಕಾಯಿತು. ಅದು ಬಂದದ್ದು ಹಿದಾ ಸೀಮೆಗೆ.

ಹಿದಾ ಎಂಬುದು ಜಪಾನಿನ ನಡುವಿನ ಬೆಟ್ಟದ ನಾಡು. ಗದ್ದೆಗೆ ಜಾಗ ಕಡಿಮೆ, ಕಾಡು ಧಾರಾಳ. ಸಾವಿರದ ಮುನ್ನೂರು ವರ್ಷಗಳ ಹಿಂದಿನ ಕಾನೂನಿನಲ್ಲಿ ಈ ಸೀಮೆಗೆ ಕೆಲವು ತೆರಿಗೆಗಳ ವಿನಾಯಿತಿ ಇತ್ತು. ಬದಲಿಗೆ ಅಲ್ಲಿಯವರು ರಾಜಧಾನಿಗೆ ಬಡಗಿಗಳನ್ನು ಕಳುಹಿಸಬೇಕಾಗಿತ್ತು. ಅರಮನೆಗಳನ್ನೂ ದೇವಾಲಯಗಳನ್ನೂ ಕಟ್ಟಲು ದುಡಿದ ಆ ಬಡಗಿಗಳ ಕೀರ್ತಿ ಇವತ್ತಿಗೂ ಉಳಿದಿದೆ. ಇದರ ಮುಖ್ಯ ಪಟ್ಟಣ ತಕಾಯಾಮ. ನಮ್ಮ ತೇರುಗಳಂಥ ಅಲಂಕಾರದ ರಥಗಳನ್ನು ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಎಳೆಯುವ ಊರು.

ದಕ್ಷಿಣದ ಗಿಫುವಿನಿಂದ ಉತ್ತರದ ತೊಯಾಮದವರೆಗೆ 225.8 ಕಿ.ಮೀ. ಉದ್ದದ ತಕಾಯಾಮ ಮಾರ್ಗ ಎರಡೂ ತುದಿಗಳಿಂದ ಸ್ವಲ್ಪ ಸ್ವಲ್ಪವೇ ಬೆಳೆದು 1934ರ ಅಕ್ಟೋಬರಿನಲ್ಲಿ ಒಂದಾಯಿತು. ಜೆಫಿರ್ ಓಡಿದ ಅದೇ ವರ್ಷ! ಒಂದೇ ಹಳಿಯ ಮಾರ್ಗ, ಪಕ್ಕದಲ್ಲಿ ಹೊಳೆ, ಇನ್ನೊಂದು ಬದಿಯಲ್ಲಿ ಬೆಟ್ಟ. 1968ರಿಂದ "ಹಿದಾ" ಎಂಬ ಹೆಸರಿನ ಗಾಡಿ ಅಲ್ಲಿ ಮೇಲ್ದರ್ಜೆಯ ಎಕ್ಸ್‌ಪ್ರೆಸ್ ಆಗಿ ಓಡುತ್ತಿದೆ.

ಈ ಮಾರ್ಗಕ್ಕೂ ವಿದ್ಯುತ್ ತಂತಿ ಬರಬೇಕಾಗಿತ್ತು. 1980ರಲ್ಲಿ ತಕಾಯಾಮದಲ್ಲಿ ವಿದ್ಯುದೀಕರಣದ ಕೆಲಸಕ್ಕೆ ಶಂಕುಸ್ಥಾಪನೆಯ ಸಮಾರಂಭವೂ ನಡೆಯಿತು. ಆದರೆ ಜಪಾನಿನ ರಾಷ್ಟ್ರೀಯ ರೈಲ್ವೆ ಆಗ ಸಾಲದಲ್ಲಿ ಮುಳುಗಿತ್ತು. 1987ರ ಏಪ್ರಿಲ್ 1ರಂದು ಅದನ್ನು ಒಡೆದು ಕಂಪೆನಿಗಳಾಗಿ ಮಾಡುವ ಹೊತ್ತಿಗೆ ಸಾಲ ಸುಮಾರು 37 ಲಕ್ಷ ಕೋಟಿ ಯೆನ್ ಮುಟ್ಟಿತ್ತು. ತಂತಿ ಬರಲೇ ಇಲ್ಲ. ಶಂಕುಸ್ಥಾಪನೆ ಆಗಿ ಕೆಲಸ ಆಗದ ಕಥೆಗಳು ನಮಗೂ ಹೊಸದಲ್ಲ ಬಿಡಿ!

ಕಾರಣವನ್ನೂ ನ್ಯಾಯವಾಗಿ ನೋಡಬೇಕು. ಕಂಬ, ತಂತಿ, ಸಬ್‌ಸ್ಟೇಷನ್ ಎಲ್ಲದಕ್ಕೂ ಮೊದಲೇ ದೊಡ್ಡ ಗಂಟು ಬೇಕು. ದಿನಕ್ಕೆ ನೂರಾರು ಗಾಡಿ ಓಡುವ ಮಾರ್ಗದಲ್ಲಿ ಆ ಖರ್ಚು ಬೇಗ ಹುಟ್ಟುತ್ತದೆ. ಹಿದಾ ಎಕ್ಸ್‌ಪ್ರೆಸ್ ಇರುವುದು ದಿನಕ್ಕೆ ಹತ್ತು ಜೋಡಿಯಷ್ಟು. ಸುರಂಗಗಳಲ್ಲಿ ತಂತಿಗೆ ಜಾಗ ಮಾಡುವ ಕೆಲಸ ಬೇರೆ. ಲೆಕ್ಕದ ಪುಸ್ತಕ ಹಿಡಿದವರು ಇಂಥ ಊರುಗಳನ್ನು ಪಟ್ಟಿಯ ಕೊನೆಗೆ ಹಾಕುವುದು ಎಲ್ಲ ಕಡೆಯೂ ಇದ್ದದ್ದೇ.

ಹೊಸ ಕಂಪೆನಿ, ಮಧ್ಯ ಜಪಾನ್ ರೈಲ್ವೆ, 1989ರ ಫೆಬ್ರವರಿಯಲ್ಲಿ "ಕಿಹಾ 85" ಎಂಬ ಡೀಸೆಲ್ ಗಾಡಿಗಳನ್ನು ತಂದಿತು. ದೊಡ್ಡ ದೊಡ್ಡ ಕಿಟಕಿ, ಪ್ರತಿ ಬೋಗಿಗೂ ಎರಡು ಕಮಿನ್ಸ್ ಎಂಜಿನ್, ಗಂಟೆಗೆ 120 ಕಿ.ಮೀ. ವೇಗ. ಅದರಲ್ಲಿ ಎಂಜಿನಿನ ಬಲ ಎಣ್ಣೆ ತುಂಬಿದ ಗೇರು ಪೆಟ್ಟಿಗೆಯ ಮೂಲಕ, ಉದ್ದನೆಯ ದಂಡದ ಮೂಲಕ ಚಕ್ರಕ್ಕೆ ಹೋಗುತ್ತಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವು ದುಡಿದವು. 2004ರ ಅಕ್ಟೋಬರಿನ ಚಂಡಮಾರುತದಲ್ಲಿ ತಕಾಯಾಮದ ಉತ್ತರಕ್ಕೆ ಹಳಿ, ಸೇತುವೆ ಕೊಚ್ಚಿಹೋಗಿ ಮಾರ್ಗ ತುಂಡಾಯಿತು. ಪೂರ್ತಿ ಕೂಡಿಕೊಂಡದ್ದು 2007ರ ಸೆಪ್ಟೆಂಬರಿನಲ್ಲಿ. ಗಾಡಿ ಕಡಿಮೆ ಎಂದು ಹಳಿಯನ್ನೇ ಕೈಬಿಟ್ಟ ಉದಾಹರಣೆಗಳು ಜಪಾನಿನಲ್ಲಿ ಬೇಕಾದಷ್ಟಿವೆ. ಇಲ್ಲಿ ಹಾಗಾಗಲಿಲ್ಲ. ಮೂರು ವರ್ಷ ಹಿಡಿದರೂ ಕಟ್ಟಿದರು.

ಆ ಹಳೆಯ ಗಾಡಿಗಳ ಜಾಗಕ್ಕೆ ಏನು ತರುವುದು ಎಂಬ ಪ್ರಶ್ನೆಗೆ ಉತ್ತರವೇ ನಾವು ತರಗತಿಯಲ್ಲಿ ತೋರಿಸಿದ ಚಿತ್ರ. ಅದರ ಹೆಸರು "ಎಚ್‌ಸಿ 85". ಎಚ್‌ಸಿ ಎಂದರೆ ಹೈಬ್ರಿಡ್ ಕಾರ್, 85 ಎಂಬುದು ಹಿರಿಯನಿಂದ ಬಂದ ಹೆಸರು. 2019ರ ಡಿಸೆಂಬರಿನಲ್ಲಿ ನಾಲ್ಕು ಬೋಗಿಗಳ ಪ್ರಯೋಗದ ಗಾಡಿ ತಯಾರಾಯಿತು. ಓಡಿಸಿ ನೋಡಿ, ಪರೀಕ್ಷೆ ಮುಗಿಸಿ, 2022ರ ಜುಲೈ 1ರಂದು ಹಿದಾ ಎಕ್ಸ್‌ಪ್ರೆಸ್ಸಾಗಿ ಪ್ರಯಾಣಿಕರನ್ನು ಹತ್ತಿಸಿಕೊಂಡಿತು. ಗಂಟೆಗೆ 120 ಕಿ.ಮೀ. ವೇಗದಲ್ಲಿ ಓಡುವ ಜಪಾನಿನ ಮೊದಲ ಹೈಬ್ರಿಡ್ ರೈಲು ಇದು. 2023ರ ಮಾರ್ಚಿನಿಂದ ಎಲ್ಲ ಹಿದಾ ಗಾಡಿಗಳೂ ಇವೇ.

ಬೋಗಿಗೆ ಎರಡು ಎಂಜಿನ್ ಇದ್ದಲ್ಲಿ ಈಗ ಒಂದೇ. ಗೇರು ಪೆಟ್ಟಿಗೆಯೂ ಇಲ್ಲ, ತಿರುಗುವ ದಂಡವೂ ಇಲ್ಲ. ನಿಲ್ದಾಣದಲ್ಲಿ ನಿಂತಾಗ ಎಂಜಿನ್ ಆರಿಸಿಬಿಡುತ್ತಾರೆ. ದೀಪ, ಎಸಿ ಎಲ್ಲ ಬ್ಯಾಟರಿಯಿಂದ. ಹಳೆಯ ಗಾಡಿಗೆ ಹೋಲಿಸಿದರೆ ಇಂಧನದ ಬಳಕೆಯಲ್ಲಿ ಸುಮಾರು ಶೇ. 35ರಷ್ಟು ಸುಧಾರಣೆ, ಇಂಗಾಲದ ಡೈಆಕ್ಸೈಡ್ ಶೇ. 30ರಷ್ಟು, ನೈಟ್ರೋಜನ್ ಆಕ್ಸೈಡುಗಳು ಶೇ. 40ರಷ್ಟು ಕಡಿಮೆ ಎಂದು ಕಂಪೆನಿಯೇ ಲೆಕ್ಕ ಕೊಟ್ಟಿದೆ. ಬಾಗಿಲ ಬಳಿ ಚಿಕ್ಕ ಗಾಜಿನ ಗೂಡುಗಳಲ್ಲಿ ಆ ಮಾರ್ಗದ ಊರುಗಳ ಕರಕುಶಲ ವಸ್ತುಗಳನ್ನು ಇಟ್ಟಿದ್ದಾರೆ. ಬಡಗಿಗಳ ನಾಡಿಗೆ ಒಪ್ಪುವ ಕೆಲಸ.

ಈ ಗಾಡಿಯ ಪ್ರಯಾಣವೂ ಒಂದು ತಮಾಷೆ. ನಗೋಯದಿಂದ ಹೊರಡುವಾಗ ಪ್ರಯಾಣಿಕರು ಹಿಂದುಮುಂದಾಗಿ ಕುಳಿತಿರುತ್ತಾರೆ. ಸುಮಾರು 30 ಕಿ.ಮೀ. ದೂರದ ಗಿಫುವಿನವರೆಗೆ ಹಳಿಯ ಮೇಲೆ ತಂತಿ ಇದೆ, ಆದರೆ ಇದಕ್ಕೆ ಅದರ ಹಂಗಿಲ್ಲ. ಗಿಫುವಿನಲ್ಲಿ ಗಾಡಿ ದಿಕ್ಕು ಬದಲಿಸುತ್ತದೆ, ಆಗ ಎಲ್ಲರ ಮುಖವೂ ಮುಂದಕ್ಕೆ. ಆಮೇಲೆ ಬೆಟ್ಟ ಹತ್ತಿ, ತಕಾಯಾಮ ದಾಟಿ, ಇನೋತಾನಿ ಎಂಬ ಸಣ್ಣ ನಿಲ್ದಾಣ. ಅಲ್ಲಿಗೆ ಮಧ್ಯ ಜಪಾನ್ ಕಂಪೆನಿಯ 189.2 ಕಿ.ಮೀ. ಮುಗಿಯುತ್ತದೆ. ಉಳಿದ 36.6 ಕಿ.ಮೀ. ಪಶ್ಚಿಮ ಜಪಾನ್ ಕಂಪೆನಿಯದು. ಹಳಿ ಒಂದೇ, ಯಜಮಾನರು ಇಬ್ಬರು. ತೊಯಾಮದವರೆಗೆ ಹೋಗುವ ಗಾಡಿ ಗಡಿ ದಾಟಿ ಮುಂದಕ್ಕೆ ಹೋಗುತ್ತದೆ. ದಿನಾ ಮಂಜೇಶ್ವರ ದಾಟಿ ಮಂಗಳೂರಿಗೆ ಹೋಗಿಬರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹಳಿಯ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡೋಣ. ನಮ್ಮೂರಿನಿಂದ ಮಂಗಳೂರು ದಾಟಿ ಮುಂಬಯಿಗೆ ಹೋಗುವ ಗಾಡಿಗಳು ಹಿಡಿಯುವುದು ಕೊಂಕಣ ರೈಲು ಮಾರ್ಗವನ್ನು. ರೋಹಾದಿಂದ ತೋಕೂರಿನವರೆಗೆ 741 ಕಿ.ಮೀ., ತೊಂಬತ್ತಕ್ಕೂ ಹೆಚ್ಚು ಸುರಂಗ. 1998ರ ಜನವರಿಯಲ್ಲಿ ಪೂರ್ತಿ ತೆರೆದ ಈ ಮಾರ್ಗದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಡೀಸೆಲ್ ಎಂಜಿನುಗಳೇ ದುಡಿದವು. ಕೊನೆಯ ತುಂಡಿಗೆ ತಂತಿ ಎಳೆದು ಮುಗಿದದ್ದು 2022ರ ಮಾರ್ಚಿನಲ್ಲಿ, ಲೋಕಾರ್ಪಣೆ ಆದದ್ದು ಜೂನ್ 20ರಂದು. ಹನ್ನೊಂದೇ ದಿನ ಕಳೆದು ಜುಲೈ 1ರಂದು ಅಲ್ಲಿ ಹಿದಾ ಹೈಬ್ರಿಡ್ ಹೊರಟಿತು. ಎರಡೂ ಬೆಟ್ಟ, ಹೊಳೆ, ಸುರಂಗ, ಮಳೆಯ ಮಾರ್ಗಗಳೇ. ನಮ್ಮಲ್ಲಿ ಗಾಡಿಗಳು ಹೆಚ್ಚು, ಗೂಡ್ಸೂ ಉಂಟು. ಹಾಗಾಗಿ ಇಲ್ಲಿ ತಂತಿಯೇ ಸರಿ. ಅಲ್ಲಿ ಗಾಡಿ ಕಡಿಮೆ, ಹಾಗಾಗಿ ಬ್ಯಾಟರಿ. ಒಂದೇ ಉತ್ತರ ಎಲ್ಲ ಊರಿಗೂ ಹೊಂದುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಉದಾಹರಣೆ ನಮಗೆ ಸಿಕ್ಕಿಲ್ಲ.

ಹೈಬ್ರಿಡ್ ಗಾಡಿ ಎಲ್ಲಕ್ಕೂ ಮದ್ದು ಎಂದು ನಾವು ಹೇಳುತ್ತಿಲ್ಲ. ಅದು ಇನ್ನೂ ಡೀಸೆಲ್ಲನ್ನೇ ಸುಡುತ್ತದೆ, ಕಡಿಮೆ ಸುಡುತ್ತದೆ ಅಷ್ಟೆ. ಎಂಜಿನ್, ಮೋಟಾರು, ಬ್ಯಾಟರಿ ಮೂರನ್ನೂ ಹೊತ್ತುಕೊಂಡೇ ಓಡಬೇಕು. ಅದಕ್ಕೇ ಅದೇ ಕಂಪೆನಿ 2023ರ ನವೆಂಬರಿನಲ್ಲಿ ಹೈಡ್ರೋಜನ್ನಿನಿಂದ ಗಾಡಿ ಓಡಿಸುವ ಪರೀಕ್ಷೆಗಳ ವಿಷಯವನ್ನೂ ಪ್ರಕಟಿಸಿತು. ಆದರೆ ಹಿದಾ ಸೀಮೆಯವರು ತಂತಿ ಬಂದ ಮೇಲೆ ನೋಡೋಣ ಎಂದು ಕೈಕಟ್ಟಿ ಕೂತಿದ್ದರೆ 1980ರಿಂದ ಇವತ್ತಿನವರೆಗೂ ಕೂತೇ ಇರಬೇಕಾಗಿತ್ತು. ಹಳಿ ಹೇಗಿದೆಯೋ ಹಾಗೆ, ಅದಕ್ಕೆ ತಕ್ಕ ಗಾಡಿ ಮಾಡಿಕೊಂಡರು.

ಇನ್ನು ಹಿಂದಿನ ಬೆಂಚಿನ ಪ್ರಶ್ನೆ, "ಡೀಸೆಲ್ಲೋ ಕರೆಂಟೋ?" ಜಪಾನಿನಲ್ಲಿ ಪ್ರತಿ ಬೋಗಿಯ ಮೇಲೂ ಅದರ ಬಗೆಯನ್ನು ತಿಳಿಸುವ ಗುರುತು ಇರುತ್ತದೆ. ಡೀಸೆಲ್ ಗಾಡಿಗೆ "ಕಿ" ಎಂದು ಶುರುವಾಗುವ ಹೆಸರು. ಕಿಹಾ 85 ಹಾಗೆ ಬಂದದ್ದು, ಮೊದಲ ಹೈಬ್ರಿಡ್ ಕಿಹಾ ಇ200 ಕೂಡ ಹಾಗೆಯೇ. ಎಚ್‌ಸಿ 85ರ ಬೋಗಿಗಳಿಗೆ ಮಾತ್ರ "ಮೋಹಾ", "ಕುಮೋಹಾ" ಎಂದು ಕರೆಂಟಿನ ಗಾಡಿಗಳ ಗುರುತನ್ನೇ ಬರೆದರು. ಹೊಟ್ಟೆಯಲ್ಲಿ ಏನು ಉರಿಯುತ್ತದೆ ಎಂದು ನೋಡಲಿಲ್ಲ, ಚಕ್ರವನ್ನು ಯಾವುದು ತಿರುಗಿಸುತ್ತದೆ ಎಂದು ನೋಡಿದರು.

ಮರುದಿನ ಇಷ್ಟನ್ನೂ ಹೇಳಿ ಮುಗಿಸಿದಾಗ ಹುಡುಗನಿಗೆ ಸಮಾಧಾನವಾಗಲಿಲ್ಲ. "ಆದ್ರೆ ಡೀಸೆಲ್ ಇಲ್ಲದಿದ್ರೆ ಅದು ಎಷ್ಟು ದೂರ ಹೋದೀತು ಮಾಷ್ಟ್ರೇ?" ಎಂದ. ಅದೂ ಸರಿಯೇ! ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವ ಮಕ್ಕಳು ಅವರು. "ನೀವು ಯಾವುದು?" ಎಂದು ಕೇಳಿಸಿಕೊಂಡು ಅಭ್ಯಾಸವಿದೆ, ಒಂದೇ ಮಾತಿನ ಉತ್ತರಕ್ಕೆ ಸುಲಭವಾಗಿ ಒಪ್ಪುವುದಿಲ್ಲ.

ನಿಮ್ಮ ಶಾಲೆಯಲ್ಲೂ ಈ ಪಾಠ ಮಾಡುವುದಾದರೆ ಒಂದು ಹಳೆಯ ಡೈನಮೋ ಸೈಕಲ್ ಹುಡುಕಿ ತನ್ನಿ. ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಒಬ್ಬರು ಪೆಡಲು ತಿರುಗಿಸಲಿ. ಡೈನಮೋ ತಾಗಿಸದೆ ಒಮ್ಮೆ, ತಾಗಿಸಿ ಒಮ್ಮೆ ಚಕ್ರವನ್ನು ತಿರುಗಿಸಿ ಬಿಡಿ. ಯಾವಾಗ ಬೇಗ ನಿಲ್ಲುತ್ತದೆ ಎಂದು ಮಕ್ಕಳೇ ಎಣಿಸಲಿ. ಎರಡನೆಯ ಸಲ ಚಕ್ರ ಬೇಗ ನಿಲ್ಲುತ್ತದೆ, ನಿಲ್ಲುವ ಮೊದಲು ಬಲ್ಬು ಒಂದು ಕ್ಷಣ ಬೆಳಗುತ್ತದೆ. ಆ ಬೆಳಕನ್ನು ಕೂಡಿಡಲು ಏನು ಮಾಡಬಹುದು ಎಂದು ಕೇಳಿ ಸುಮ್ಮನೆ ನಿಂತುಬಿಡಿ. ಉಳಿದದ್ದನ್ನು ಅವರೇ ಹೇಳುತ್ತಾರೆ.